ಗಾಂಜಾ ಸ್ವಾತಂತ್ರ್ಯವೂ ಶ್ರಾವಕನ ವ್ರತವೂ

ಶ್ರೀ ವೀತರಾಗಾಯ ನಮಃ

ಗೃಹಸ್ಥಧರ್ಮದ ಹೊಸ್ತಿಲಿನಲ್ಲಿಯೇ ಆಚಾರ್ಯರು ಮದ್ಯ, ಮಾಂಸ, ಮಧು ಎಂಬ ಮೂರರ ತ್ಯಾಗವನ್ನು ಇರಿಸಿದ್ದಾರೆ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಮೂರು ತ್ಯಾಗಗಳನ್ನು ಐದು ಅಣುವ್ರತಗಳೊಡನೆ ಸೇರಿಸಿ ಶ್ರಾವಕನ ಅಷ್ಟಮೂಲಗುಣಗಳೆಂದು ಸಾರಿದರು. ಬೇರಿಲ್ಲದ ಮರಕ್ಕೆ ಚಿಗುರು ಹೇಗಿಲ್ಲವೋ ಹಾಗೆಯೇ ಈ ಮೂಲಗುಣಗಳಿಲ್ಲದವನ ಪೂಜೆ, ದಾನ, ಉಪವಾಸಗಳು ಫಲಿಸಲಾರವು. ಜೈನ ಮನೆಯ ಮಕ್ಕಳು ಇದನ್ನು ಗ್ರಂಥದಿಂದ ಕಲಿಯುವುದಕ್ಕೆ ಮೊದಲೇ ಅಡಿಗೆಮನೆಯಿಂದ ಕಲಿತಿರುತ್ತಾರೆ.

ಆದರೆ ಅಡಿಗೆಮನೆಯು ಕಲಿಸದಿರುವ ಒಂದು ಪ್ರಶ್ನೆ, ವಿದ್ಯೆಗಾಗಿ ಉದ್ಯೋಗಕ್ಕಾಗಿ ಮಕ್ಕಳನ್ನು ದೂರದ ನಗರಗಳಿಗೂ ಪರದೇಶಗಳಿಗೂ ಕಳುಹಿಸಿರುವ ಮನೆಗಳ ಬಾಗಿಲಿಗೆ ಇಂದು ಬಂದು ನಿಂತಿದೆ. “ಇಲ್ಲಿ ಗಾಂಜಾ ಅಪರಾಧವಲ್ಲ. ಅದು ಗಿಡದ ಹೂವು, ಸೊಪ್ಪು, ಅದರಲ್ಲಿ ಪ್ರಾಣಿವಧೆಯಿಲ್ಲ. ತನ್ನ ಕೋಣೆಯಲ್ಲಿ ಕುಳಿತು, ಯಾರಿಗೂ ಕೇಡು ಮಾಡದೆ ಸೇವಿಸುವವನನ್ನು ತಡೆಯಲು ಯಾರಿಗೆ ಅಧಿಕಾರ?” ಈ ಮಾತಿಗೆ ಕೋಪವು ಉತ್ತರವಲ್ಲ, ಮೌನವೂ ಉತ್ತರವಲ್ಲ. ಆಗಮದ ಬೆಳಕಿನಲ್ಲಿ ವಿಚಾರಮಾಡಿ ಸಮಾಧಾನ ಹೇಳುವುದು ಹಿರಿಯರ ಕರ್ತವ್ಯ.

ಲೋಕದಲ್ಲಿ ನಡೆದಿರುವ ಚರ್ಚೆ

ಈ ಚರ್ಚೆಯು ಹೊಸದೇನಲ್ಲ. ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿಯೇ, 1893ರಲ್ಲಿ, ಭಾರತದಲ್ಲಿ ಭಂಗಿ, ಗಾಂಜಾ, ಚರಸ್‌ಗಳ ಬಳಕೆಯನ್ನು ಕುರಿತು ವಿಚಾರಿಸಲು ಒಂದು ಆಯೋಗವು ನೇಮಕವಾಯಿತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆ ಪಡೆದ ಆ ಆಯೋಗವು, ಮಿತಬಳಕೆಯಿಂದ ಹೆಚ್ಚಿನ ಕೇಡಿಲ್ಲ, ಅತಿಬಳಕೆಯಿಂದ ಕೇಡುಂಟು, ಪೂರ್ಣ ನಿಷೇಧವು ಯುಕ್ತವಲ್ಲ, ತೆರಿಗೆ ಮತ್ತು ಪರವಾನಗಿಗಳಿಂದ ಹತೋಟಿಯಲ್ಲಿಡಬೇಕು ಎಂದು ವರದಿಯಿತ್ತಿತು. ಮುಂದೆ 1961ರ ಅಂತರರಾಷ್ಟ್ರೀಯ ಒಡಂಬಡಿಕೆಯು ಗಾಂಜಾವನ್ನು ಕಠಿಣ ನಿರ್ಬಂಧಕ್ಕೆ ಒಳಪಡಿಸಿತು. ಭಾರತದಲ್ಲಿ 1985ರ ಮಾದಕದ್ರವ್ಯ ಕಾಯಿದೆಯು ಗಾಂಜಾ, ಚರಸ್‌ಗಳನ್ನು ನಿಷೇಧಿಸಿತು; ಗಿಡದ ಎಲೆ ಮತ್ತು ಬೀಜಗಳು ಮಾತ್ರ ಆ ವ್ಯಾಖ್ಯೆಯಿಂದ ಹೊರಗುಳಿದವು. ಆದ್ದರಿಂದಲೇ ಕೆಲವು ರಾಜ್ಯಗಳಲ್ಲಿ ಭಂಗಿಯ ಅಂಗಡಿಗಳು ಸರ್ಕಾರದ ಪರವಾನಗಿಯಿಂದ ನಡೆಯುತ್ತವೆ.

ಇತ್ತ ಪಶ್ಚಿಮದಲ್ಲಿ ಗಾಳಿಯು ತಿರುಗಿತು. ಅಮೆರಿಕದ ಕೊಲರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳ ಮತದಾರರು 2012ರಲ್ಲಿ ಗಾಂಜಾಕ್ಕೆ ಅನುಮತಿಯಿತ್ತರು. 2013ರಲ್ಲಿ ಉರುಗ್ವೆ ದೇಶವು, 2016ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು, 2018ರ ಅಕ್ಟೋಬರ್ 17ರಿಂದ ಕೆನಡಾ, 2024ರ ಏಪ್ರಿಲ್ 1ರಿಂದ ಜರ್ಮನಿಯು ತಮ್ಮ ತಮ್ಮ ಷರತ್ತುಗಳೊಡನೆ ಅದೇ ದಾರಿ ಹಿಡಿದವು. ಥಾಯ್ಲೆಂಡ್ 2022ರಲ್ಲಿ ನಿರ್ಬಂಧವನ್ನು ತೆಗೆದುಹಾಕಿ, 2025ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಮತ್ತೆ ಬಿಗಿಮಾಡಿತು. ಅಲಾಸ್ಕಾ ರಾಜ್ಯದ ನಡೆಯು ಇನ್ನೂ ವಿಚಿತ್ರ. ಮನೆಯೊಳಗಿನ ಬಳಕೆಯು ವ್ಯಕ್ತಿಯ ಖಾಸಗಿತನಕ್ಕೆ ಸೇರಿದ್ದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1975ರಲ್ಲಿ ತೀರ್ಪಿತ್ತಿತು. 1990ರಲ್ಲಿ ಮತದಾರರು ಅದನ್ನು ಅಪರಾಧವೆಂದರು. 2014ರಲ್ಲಿ ಮತದಾರರೇ ಮತ್ತೆ ಸಮ್ಮತವೆಂದರು.

ಒಂದೇ ಗಿಡವು ಒಂದು ಗಡಿಯ ಈಚೆ ಅಪರಾಧ, ಆಚೆ ವ್ಯಾಪಾರ; ನಿನ್ನೆ ಸೆರೆಮನೆ, ಇಂದು ಅಂಗಡಿ. ರಾಜ್ಯದ ಕಾಯಿದೆಯು ಜನಾಭಿಪ್ರಾಯದೊಡನೆ ಚಲಿಸುವಂಥದು. ಅದು ಅದರ ಸ್ವಭಾವ, ದೋಷವಲ್ಲ. ಆದರೆ ತನ್ನ ಶೀಲವನ್ನು ಆ ಚಲಿಸುವ ಕಂಬಕ್ಕೆ ಕಟ್ಟಿದವನು ಕಂಬದೊಡನೆ ತಾನೂ ಚಲಿಸುತ್ತಾನೆ.

ಶಂಕಾ–ಸಮಾಧಾನ

ಶಂಕೆ: ಮದ್ಯದಲ್ಲಿ ಕೊಳೆಯಿಸುವಿಕೆಯಿಂದ ಅಸಂಖ್ಯ ಜೀವಗಳ ಉತ್ಪತ್ತಿ-ನಾಶಗಳಿವೆ. ಒಣಗಿದ ಸೊಪ್ಪಿನಲ್ಲಿ ಅಂಥ ಹಿಂಸೆಯೆಲ್ಲಿದೆ?

ಸಮಾಧಾನ: ಭೋಗೋಪಭೋಗಪರಿಮಾಣದ ಪ್ರಕರಣದಲ್ಲಿ ಸಮಂತಭದ್ರಸ್ವಾಮಿಗಳು ಮಧು-ಮಾಂಸಗಳ ತ್ಯಾಗಕ್ಕೆ ಒಂದು ಕಾರಣವನ್ನೂ ಮದ್ಯದ ತ್ಯಾಗಕ್ಕೆ ಮತ್ತೊಂದು ಕಾರಣವನ್ನೂ ಹೇಳಿದ್ದಾರೆ. ಮಧು ಮಾಂಸಗಳನ್ನು ಬಿಡಬೇಕಾದುದು ತ್ರಸಜೀವಗಳ ಘಾತವನ್ನು ತಪ್ಪಿಸಲು; ಮದ್ಯವನ್ನು ಬಿಡಬೇಕಾದುದು ಪ್ರಮಾದವನ್ನು ತಪ್ಪಿಸಲು. ಆದ್ದರಿಂದ ಪ್ರಶ್ನೆಯು ಗಿಡವೋ ಪ್ರಾಣಿಯೋ ಎಂಬುದಲ್ಲ. ಎಚ್ಚರವನ್ನು ಕೆಡಿಸುವುದೋ ಇಲ್ಲವೋ ಎಂಬುದು. ಮದ್ಯದಿಂದ ಮೋಹ, ಮೋಹದಿಂದ ಧರ್ಮದ ಮರೆವು, ಮರೆವಿನಿಂದ ಅಳುಕಿಲ್ಲದ ಹಿಂಸೆ ಎಂಬ ಸರಪಳಿಯನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತೋರಿಸಿದ್ದಾರೆ. ಗಾಂಜಾದ ಮಾದಕಾಂಶವು ಮಿದುಳಿನಲ್ಲಿ ಮೊದಲು ಮುಟ್ಟುವ ಶಕ್ತಿಗಳಲ್ಲಿ ತತ್ಕಾಲದ ನೆನಪು, ಗಮನ, ಕಾಲದ ಅಳತೆ ಇವು ಮುಖ್ಯವೆಂದು ಇಂದಿನ ವೈದ್ಯಶಾಸ್ತ್ರವೂ ಹೇಳುತ್ತದೆ. ಸಾಮಾಯಿಕದಲ್ಲಿಯೂ ಪ್ರೋಷಧೋಪವಾಸದಲ್ಲಿಯೂ ಕೇವಲ ಮರೆವನ್ನೇ ಅತಿಚಾರವೆಂದು ಎಣಿಸಿದ ಧರ್ಮವು, ಮರೆವನ್ನು ಹಣಕೊಟ್ಟು ಕೊಳ್ಳುವುದನ್ನು ಹೇಗೆ ಒಪ್ಪೀತು?

ಶಂಕೆ: ಹಿಂದಿನವರು ಮಿತವಾಗಿ ಬಳಸಿ ಕೆಡಲಿಲ್ಲವೆಂದು ಆಯೋಗವೇ ಹೇಳಿದೆಯಲ್ಲ?

ಸಮಾಧಾನ: ಅಂದಿನ ಗಾಂಜಾವೇ ಇಂದಿನ ಗಾಂಜಾವಲ್ಲ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ಮಾದಕಾಂಶವು 1995ರಲ್ಲಿ ಸುಮಾರು ಶೇಕಡ 4ರಷ್ಟಿದ್ದುದು 2014ರ ವೇಳೆಗೆ ಸುಮಾರು ಶೇಕಡ 12ಕ್ಕೆ ಏರಿತ್ತು. ಹದಿಹರೆಯದಲ್ಲಿ ಆರಂಭಿಸಿದವರು ಚಟಕ್ಕೆ ಸಿಲುಕುವ ಸಂಭವ ಹೆಚ್ಚೆಂಬುದನ್ನೂ ವೈದ್ಯರು ಒಪ್ಪುತ್ತಾರೆ. ಅನುಮತಿಯಿತ್ತ ದೇಶಗಳೇ ವಯಸ್ಸಿನ ಮಿತಿಯನ್ನು ವಿಧಿಸಿರುವುದು ಈ ಭಯದಿಂದಲೇ.

ಶಂಕೆ: ತನ್ನ ದೇಹ ತನ್ನದು. ಪರರಿಗೆ ಕೇಡಾಗದಿರುವಲ್ಲಿ ಪ್ರತಿಯೊಬ್ಬನೂ ಸ್ವತಂತ್ರನಲ್ಲವೆ?

ಸಮಾಧಾನ: ಈ ವಾದದ ಪ್ರಸಿದ್ಧ ಪ್ರತಿಪಾದಕನು ಜಾನ್ ಸ್ಟುಅರ್ಟ್ ಮಿಲ್ ಎಂಬ ಇಂಗ್ಲೆಂಡಿನ ತತ್ತ್ವಜ್ಞನು. 1859ರಲ್ಲಿ ಪ್ರಕಟವಾದ ಸ್ವಾತಂತ್ರ್ಯವನ್ನು ಕುರಿತ ತನ್ನ ಗ್ರಂಥದಲ್ಲಿ ಅವನು ಮದ್ಯನಿಷೇಧದ ಕಾಯಿದೆಗಳನ್ನು ವಿರೋಧಿಸಿದನು. ಆದರೆ ಅದೇ ಗ್ರಂಥದಲ್ಲಿ, ಮನುಷ್ಯನು ತನ್ನನ್ನು ತಾನೇ ದಾಸತ್ವಕ್ಕೆ ಮಾರಿಕೊಳ್ಳುವುದನ್ನು ಸ್ವಾತಂತ್ರ್ಯವೆನ್ನಲಾಗದೆಂದೂ ಒಪ್ಪಿದ್ದಾನೆ. ಜೈನದರ್ಶನವು ಈ ಮಾತನ್ನು ಇನ್ನೂ ಆಳಕ್ಕೆ ಒಯ್ಯುತ್ತದೆ. ಆತ್ಮನು ಸ್ವಭಾವತಃ ಸ್ವತಂತ್ರನು. ಅವನನ್ನು ಕಟ್ಟುವುದು ರಾಗದ್ವೇಷಗಳಿಂದಾದ ಕರ್ಮ. ಬೇಕೆನಿಸಿದಾಗ ಸೇವಿಸಬಲ್ಲವನು ಸ್ವತಂತ್ರನೋ, ಬೇಕೆನಿಸಿದಾಗ ಬಿಡಬಲ್ಲವನು ಸ್ವತಂತ್ರನೋ ಎಂಬುದನ್ನು ಚಟಕ್ಕೆ ಸಿಕ್ಕಿದವನ ಒಂದು ರಾತ್ರಿಯೇ ತಿಳಿಸುತ್ತದೆ. ಇನ್ನು “ಪರರಿಗೆ ಕೇಡಿಲ್ಲ” ಎಂಬ ಮಾತು: ಪ್ರಮತ್ತನಾದವನು ಮೊದಲು ಕೊಲ್ಲುವುದು ತನ್ನ ಆತ್ಮದ ಶುದ್ಧಪರಿಣಾಮವನ್ನೇ. ಪರರ ಪ್ರಾಣಕ್ಕೆ ಕೇಡಾಗದಿದ್ದರೂ ಸ್ವಹಿಂಸೆಯು ಆಗಿಯೇ ಆಯಿತು.

ಶಂಕೆ: ಔಷಧವಾಗಿ ಬಳಸಿದರೆ?

ಸಮಾಧಾನ: ಆ ಗಿಡದಿಂದ ಶೋಧಿಸಿದ, ಮತ್ತೇರಿಸದ ಒಂದು ದ್ರವ್ಯವನ್ನು ಮಕ್ಕಳ ಕೆಲವು ವಿರಳ ಅಪಸ್ಮಾರರೋಗಗಳಿಗೆ ಔಷಧವೆಂದು ಅಮೆರಿಕವು 2018ರಲ್ಲಿ ಅಂಗೀಕರಿಸಿದೆ. ರೋಗಿಯ ಉಪಶಮನಕ್ಕಾಗಿ ವೈದ್ಯನು ಅಳೆದು ಕೊಡುವ ಮದ್ದು ಬೇರೆ. ಆರೋಗ್ಯವಂತನು ಮತ್ತಿಗಾಗಿ ಹುಡುಕುವ ನೆಪ ಬೇರೆ.

ದ್ವಾರಕೆಯ ಪಾಠ

ಹಾಗಾದರೆ ರಾಜ್ಯವು ನಿಷೇಧಿಸಿಬಿಟ್ಟರೆ ಸಾಕೆ? ಇದಕ್ಕೆ ಶಕವರ್ಷ 705ರಲ್ಲಿ ಪೂರ್ಣಗೊಂಡ ಜಿನಸೇನಾಚಾರ್ಯರ ಹರಿವಂಶಪುರಾಣದಲ್ಲಿ ಉತ್ತರವಿದೆ. ಹನ್ನೆರಡು ವರ್ಷಗಳಲ್ಲಿ ಮದ್ಯದ ನಿಮಿತ್ತದಿಂದ, ದ್ವೈಪಾಯನನ ಕ್ರೋಧದಿಂದ ದ್ವಾರಕೆಯು ನಾಶವಾಗುವುದೆಂದು ನೇಮಿನಾಥ ತೀರ್ಥಂಕರರು ನುಡಿದಾಗ, ಕೃಷ್ಣನು ನಗರದಲ್ಲಿದ್ದ ಮದ್ಯವನ್ನೆಲ್ಲ ಹೊರಗೆ ಹಾಕಿಸಿದನು. ಅರಸನ ಆಜ್ಞೆಯಲ್ಲಿ ಕೊರತೆಯಿರಲಿಲ್ಲ. ಆದರೆ ಚೆಲ್ಲಿದ ಮದ್ಯವು ಕಾಡಿನ ಕಲ್ಲುಕುಂಡಗಳಲ್ಲಿ ನಿಂತಿತು. ವರ್ಷಗಳ ಮೇಲೆ ವನಕ್ರೀಡೆಗೆ ಹೋದ ಯಾದವಕುಮಾರರು ಬಾಯಾರಿ, ನೀರೆಂದು ಅದನ್ನೇ ಕುಡಿದರು. ಮತ್ತೇರಿ, ತಪದಲ್ಲಿದ್ದ ದ್ವೈಪಾಯನನನ್ನು ಕಲ್ಲಿನಿಂದ ಹೊಡೆದರು. ಮುಂದೆ ದ್ವಾರಕೆಯು ಹೊತ್ತಿ ಉರಿಯಿತು.

ಆಜ್ಞೆಯು ಮದ್ಯವನ್ನು ಊರಿನಿಂದ ಹೊರಗೆ ಹಾಕಿತು, ಲೋಕದಿಂದ ಹೊರಗೆ ಹಾಕಲಿಲ್ಲ. ಅದೇ ದಿವ್ಯವಾಣಿಯನ್ನು ಕೇಳಿ ಪ್ರದ್ಯುಮ್ನ ಮೊದಲಾದವರು ದೀಕ್ಷೆ ಪಡೆದರು. ಅವರಿಗೆ ಆ ಕುಂಡಗಳಿಂದ ಯಾವ ಭಯವೂ ಇರಲಿಲ್ಲ. ಸೋಸದ ನೀರನ್ನು ಕುಡಿಯಬಾರದು, ಹೆಸರರಿಯದ ಹಣ್ಣನ್ನು ತಿನ್ನಬಾರದು ಎಂಬ ಗೃಹಸ್ಥನ ಚಿಕ್ಕ ನಿಯಮವಿದ್ದರೂ ಆ ಕುಮಾರರ ಕೈ ಕುಂಡದ ಅಂಚಿನಲ್ಲಿ ತಡೆಯುತ್ತಿತ್ತು. ಇಂದು ಅನುಮತಿಯಿರುವ ದೇಶಗಳಲ್ಲಿ ಗಾಂಜಾದ ಸತ್ತ್ವವನ್ನು ಬೆರೆಸಿದ ಬಿಸ್ಕತ್ತು, ಚಾಕಲೇಟು, ಮಿಠಾಯಿಗಳು ಸಾಮಾನ್ಯ ತಿನಿಸಿನ ರೂಪದಲ್ಲಿಯೇ ದೊರೆಯುತ್ತವೆ. ಕಲ್ಲುಕುಂಡವು ಈಗ ಸ್ನೇಹಿತರ ಕೂಟದ ತಟ್ಟೆಗೆ ಬಂದಿದೆ. ವಿಚಾರಿಸದೆ ಬಾಯಿಗಿಡಬಾರದೆಂಬ ಅಜ್ಜಿಯರ ಕಟ್ಟಳೆಯು ಅಲ್ಲಿಯೇ ಹೆಚ್ಚು ಬೇಕಾಗಿದೆ.

ವ್ರತದ ಲಕ್ಷಣ

ಅನಿಷ್ಟವಾದುದನ್ನೂ ಸೇವನೆಗೆ ತಕ್ಕುದಲ್ಲದುದನ್ನೂ ಬಿಡಲೇಬೇಕು. ಆದರೆ ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ಹಿಂದೆ ಸರಿಯುವುದೇ ವ್ರತ ಎಂಬುದು ಸಮಂತಭದ್ರಸ್ವಾಮಿಗಳ ಅಭಿಪ್ರಾಯ. ಉಪವಾಸದಲ್ಲಿ ಇದರ ಅರ್ಥವು ಸ್ಪಷ್ಟವಾಗುತ್ತದೆ. ಅನ್ನವನ್ನು ಯಾವ ಕಾಯಿದೆಯೂ ನಿಷೇಧಿಸಿಲ್ಲ. ಮನೆಯಲ್ಲಿ ಅಕ್ಕಿಯಿದೆ, ಒಲೆಯಿದೆ, ಬಡಿಸುವ ಕೈಯಿದೆ. ಆದರೂ ಅಷ್ಟಮಿ ಚತುರ್ದಶಿಗಳಂದು ಶ್ರಾವಿಕೆಯು ಎಲೆಯ ಮುಂದೆ ಕೂಡುವುದಿಲ್ಲ. ಸೆರೆಮನೆಯಲ್ಲಿ ಅನ್ನ ದೊರೆಯದವನ ಹಸಿವನ್ನು ಯಾರೂ ಉಪವಾಸವೆನ್ನುವುದಿಲ್ಲ. ಅಂತೆಯೇ ಪೋಲೀಸರ ಭಯದಿಂದ ಗಾಂಜಾವನ್ನು ಮುಟ್ಟದಿರುವವನು ನಿರಪರಾಧಿ, ಅಷ್ಟೇ, ವ್ರತಿಯಲ್ಲ. ಅವನು ಗಡಿ ದಾಟಿದ ದಿನವೇ ಅವನ ನಿಜವಾದ ಪರೀಕ್ಷೆ. ಆದ್ದರಿಂದ ಪರದೇಶದ ಅನುಮತಿಯು ಶ್ರಾವಕನ ವ್ರತಕ್ಕೆ ಬಂದ ಆಪತ್ತಲ್ಲ. ವ್ರತವು ಹುಟ್ಟುವ ನೆಲವೇ ಅದು.

ತಾನು ಸೇವಿಸದಿದ್ದರೆ ಸಾಲದು. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದ್ವಾರಗಳಿಂದಲೂ ಪಾಪಾಸ್ರವವಾಗುವುದು. ಕೆನಡಾ ಅಮೆರಿಕಗಳ ಪೇಟೆಗಳಲ್ಲಿ ಗಾಂಜಾ ಕಂಪನಿಗಳ ಷೇರುಗಳು ಮಾರಾಟವಾಗುತ್ತಿವೆ. ಅಲ್ಲಿ ಅದು ಕಾಯಿದೆಬದ್ಧ ವ್ಯಾಪಾರ. ಆದರೆ ಪರರ ಪ್ರಮಾದಕ್ಕೆ ಸಾಧನವನ್ನು ಒದಗಿಸಿ ಅದರ ಲಾಭಾಂಶದಿಂದ ಬಸದಿಗೆ ಅಭಿಷೇಕ ಮಾಡಿಸುವವನು, ವಿಷ-ಶಸ್ತ್ರಾದಿಗಳನ್ನು ಕೊಡುವುದನ್ನು ಹಿಂಸಾದಾನವೆಂದು ಅನರ್ಥದಂಡದಲ್ಲಿ ಏಕೆ ಎಣಿಸಲಾಗಿದೆಯೆಂದು ಒಮ್ಮೆ ವಿಚಾರಮಾಡಲಿ.

ಜಾರಿದವನನ್ನು ಎತ್ತುವುದು

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ವ್ರತದ ಹೆಸರಿನಲ್ಲಿ ದಂಡನೆಯ ಹಸಿವು ಬೆಳೆಯಬಾರದು. ಭಾರತದ ಕಾಯಿದೆಯಲ್ಲಿ ಒಂದು ಕಿಲೋವರೆಗಿನ ಗಾಂಜಾ ಅಲ್ಪಪ್ರಮಾಣವೆನಿಸಿದರೂ ಅದಕ್ಕೆ ಒಂದು ವರ್ಷದವರೆಗೆ ಕಠಿಣ ಸಜೆಯಾಗಬಹುದು. ಚಟಕ್ಕೆ ಸಿಕ್ಕಿದ ಎಳೆಯನು ಸೆರೆಮನೆಯಿಂದ ಉತ್ತಮನಾಗಿ ಬರುವನೋ ಕೆಟ್ಟು ಬರುವನೋ ಎಂದು ಕೇಳುವವರ ಮಾತಿನಲ್ಲಿ ದಯೆಯಿದೆ; ಅದನ್ನು ಅಹಿಂಸಾಧರ್ಮದವರು ಕಿವಿಗೊಟ್ಟು ಕೇಳಬೇಕು. ಅಲ್ಪಪ್ರಮಾಣದ ಪ್ರಕರಣದಲ್ಲಿ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ, ಷರತ್ತುಗಳೊಡನೆ ಮೊಕದ್ದಮೆಯಿಂದ ವಿನಾಯಿತಿ ಪಡೆಯಲು ಆ ಕಾಯಿದೆಯಲ್ಲಿಯೇ ಅವಕಾಶವಿದೆಯೆಂಬುದನ್ನು ತಂದೆತಾಯಿಗಳು ಅರಿತಿರಬೇಕು.

ಮಗನು ಜಾರಿದನೆಂದು ತಿಳಿದ ಮನೆಯಲ್ಲಿ ಎರಡು ತಪ್ಪುಗಳು ನಡೆಯುತ್ತವೆ: ಹೊರಗೆ ಹಾಕುವುದು, ಇಲ್ಲವೆ ಮರ್ಯಾದೆಗಂಜಿ ಮುಚ್ಚಿಡುವುದು. ಸಮ್ಯಗ್ದರ್ಶನದ ಅಂಗಗಳಲ್ಲಿ ಉಪಗೂಹನವಿದೆ. ಅದರ ಪಕ್ಕದಲ್ಲಿಯೇ ಸ್ಥಿತೀಕರಣವಿದೆ. ದೋಷವನ್ನು ಬೀದಿಗೆ ತಾರದಿರುವುದು ಮೊದಲನೆಯದು, ಜಾರಿದವನನ್ನು ಮತ್ತೆ ನಿಲ್ಲಿಸುವುದು ಎರಡನೆಯದು. ಎರಡನೆಯದಿಲ್ಲದ ಮೊದಲನೆಯದು ಬರಿಯ ಮುಚ್ಚುಮರೆ. ವಾರಿಷೇಣಮುನಿಯ ಕಥೆಯನ್ನು ನೆನೆಯಬೇಕು. ದೀಕ್ಷೆ ಪಡೆದ ಮೇಲೂ ಹೆಂಡತಿಯನ್ನೇ ನೆನೆದು ಕೊರಗುತ್ತಿದ್ದ ತನ್ನ ಗೆಳೆಯ ಪುಷ್ಪಡಾಲನನ್ನು ಅವನು ಬಯ್ಯಲಿಲ್ಲ, ಕಾವಲಿಡಲಿಲ್ಲ. ತನ್ನ ಅರಮನೆಗೇ ಕರೆದೊಯ್ದು, ತಾನು ತೊರೆದುಬಂದ ಪತ್ನಿಯರನ್ನೂ ಸಿರಿಯನ್ನೂ ತೋರಿಸಿದನು. ಬಾಗಿಲು ತೆರೆದಿದ್ದಾಗಲೇ ಹೊರನಡೆದವನ ತ್ಯಾಗವನ್ನು ಕಂಡು ಗೆಳೆಯನ ಮನಸ್ಸು ನಾಚಿ, ತಾನಾಗಿ ನೆಲೆಗೆ ನಿಂತಿತು. ಮಕ್ಕಳಿಗೂ ಬೇಕಾದುದು ಇಂಥ ದರ್ಶನವೇ. ತಂಬಾಕನ್ನೂ ಹೊಗೆಸೊಪ್ಪನ್ನೂ ಬಿಡಲಾರದ ತಂದೆಯು ಗಾಂಜಾವನ್ನು ನಿಂದಿಸಿದರೆ ಆ ಮಾತು ಗೋಡೆಗೆ ತಗುಲಿ ಬೀಳುವುದು. ಚಿಕಿತ್ಸೆಯು ಅಗತ್ಯವಾದಲ್ಲಿ ಸಂಕೋಚವಿಲ್ಲದೆ ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಔಷಧದಾನವನ್ನು ದಾನವೆಂದು ಸ್ತುತಿಸುವ ಸಮಾಜಕ್ಕೆ ಮನೆಯ ರೋಗಿಯನ್ನು ವೈದ್ಯನಲ್ಲಿಗೆ ಒಯ್ಯಲು ನಾಚಿಕೆಯೇಕೆ?

ನಿಯಮಸ್ವೀಕಾರ

ಮಿತಕಾಲದ ತ್ಯಾಗವು ನಿಯಮ, ಯಾವಜ್ಜೀವ ತ್ಯಾಗವು ಯಮ. ಮನೆಯಿಂದ ಹೊರಡುವ ಯುವಕ-ಯುವತಿಯರು ಹೊರಡುವ ಮುನ್ನ ಜಿನಬಿಂಬದ ಎದುರಿನಲ್ಲಿ, ಗುರುಗಳ ಸಾನ್ನಿಧ್ಯ ದೊರೆತರೆ ಅವರ ಸಮ್ಮುಖದಲ್ಲಿ, ಮದ್ಯವೆಂಬ ಶಬ್ದದಲ್ಲಿ ಸಕಲ ಮಾದಕಗಳನ್ನೂ ಸೇರಿಸಿ ತ್ಯಾಗವನ್ನು ಸ್ವೀಕರಿಸಲಿ. ಯಾವಜ್ಜೀವವೆಂದು ಹೇಳಲು ಮನಸ್ಸು ಅಳುಕಿದರೆ ಮುಂದಿನ ದಶಲಕ್ಷಣಪರ್ವದವರೆಗೆ ಎಂದು ಹೇಳಲಿ. ಪರ್ವವು ಬಂದಾಗ ಮತ್ತೊಂದು ವರ್ಷಕ್ಕೆ ಮುಂದುವರಿಸಲಿ. ಚಿಕ್ಕದಾದರೂ ತಾನಾಗಿ ತೆಗೆದುಕೊಂಡ ನಿಯಮವು, ದೊಡ್ಡದಾದರೂ ಪರರು ಹೇರಿದ ನಿಷೇಧಕ್ಕಿಂತ ಬಲವಾದುದು.

ರಾಜ್ಯಗಳು ಈ ಗಿಡವನ್ನು ಇನ್ನೆಷ್ಟು ಬಾರಿ ನಿಷೇಧಿಸುವವೋ, ಇನ್ನೆಷ್ಟು ಬಾರಿ ಅನುಮತಿಸುವವೋ ಬಲ್ಲವರಾರು! ಕೈಗೆಟುಕುವಲ್ಲಿದ್ದರೂ ಕೈ ಚಾಚದಿರುವ ಶಕ್ತಿಯನ್ನು ಯಾವ ಶಾಸನಸಭೆಯೂ ಕೊಡಲಾರದು, ಕಸಿದುಕೊಳ್ಳಲೂ ಆರದು. ಆ ಶಕ್ತಿಗೇ ಸಂಯಮವೆಂದು ಹೆಸರು. ಆತ್ಮನ ಸ್ವಾತಂತ್ರ್ಯವೂ ಅದೇ.

ಭದ್ರಂ ಭೂಯಾತ್