ವೃದ್ಧರ ಮಾತೂ ನಮ್ಮ ಕಿವಿಯೂ

ವೃದ್ಧರಿಗೆ ಅನ್ನವನ್ನೂ ಔಷಧವನ್ನೂ ಕೊಟ್ಟ ಮಾತ್ರಕ್ಕೆ ನಮ್ಮ ಕರ್ತವ್ಯವು ತೀರಿತೆಂದು ಎಣಿಸಬಹುದೋ? ಅವರು ಹಳೆಯ ಸಂಗತಿಯನ್ನೇ ಪುನಃ ಪುನಃ ಹೇಳುವಾಗ ನಾವು ಬೇಸತ್ತು ಎದ್ದುಹೋಗುತ್ತೇವೆ. ವೈದ್ಯರಲ್ಲಿಯೂ ಅನೇಕರು ಇದನ್ನು ಮುಪ್ಪಿನ ಅರುಳುಮರುಳೆಂದು ತಿಳಿದಿದ್ದರು. ಆದರೆ ಅಮೇರಿಕ ದೇಶದ ಮನೋವೈದ್ಯರಾದ ರಾಬರ್ಟ್ ಬಟ್ಲರ್ ಎಂಬವರು 1963ರಲ್ಲಿ ಬೇರೊಂದು ವಿಚಾರವನ್ನು ಮುಂದಿಟ್ಟರು. ಮರಣವು ಸಮೀಪಿಸಿತೆಂದು ಅರಿತ ಮನುಷ್ಯನು ತನ್ನ ಬಾಳನ್ನು ತಿರುಗಿ ನೋಡಿ, ತೀರದೆ ಉಳಿದ ವ್ಯಥೆಗಳನ್ನು ತೂಗಿ ನೋಡುವುದು ಸಹಜವೇ ಎಂದು ಅವರು ಬರೆದರು.

ಆ ದೇಶದ ವೃದ್ಧರ ಶುಶ್ರೂಷಾಲಯಗಳಲ್ಲಿ ಕೆಲವು ಮಂದಿಯನ್ನು ಒಟ್ಟಾಗಿ ಕುಳ್ಳಿರಿಸಿ, ಈ ವಿದ್ಯೆಯನ್ನು ಬಲ್ಲವರೊಬ್ಬರು ಮಾತಾಡಿಸುವ ಚಿಕಿತ್ಸೆಯುಂಟು. ಒಬ್ಬಾಕೆಯು ಸತ್ತ ಗಂಡನನ್ನೂ ಇನ್ನೊಬ್ಬನು ಬಿಟ್ಟುಬಂದ ಮನೆಯನ್ನೂ ಕುರಿತು ಹೇಳಬಹುದು. ಹೇಳಲೊಲ್ಲದವರನ್ನು ಬಲಾತ್ಕರಿಸಬಾರದು, ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು.

ಇದರಲ್ಲಿ ನಾವು ಕಲಿಯತಕ್ಕದ್ದೇನು? ಸ್ನಾನವನ್ನೂ ಊಟವನ್ನೂ ಪರರ ಕೈಯಿಂದಲೇ ಹೊಂದುವವನು ದಿನವೆಲ್ಲಾ ತೆಗೆದುಕೊಳ್ಳುವವನಾಗಿಯೇ ಇರುತ್ತಾನೆ. ತಾನು ಯಾರಿಗೂ ಬೇಡವಾದೆನೆಂಬ ದುಃಖವು ಮೈನೋವಿಗಿಂತ ಭಾರವಾದದ್ದು. ನೆರೆಯವನ ಅಳಲಿಗೆ ಕಿವಿಗೊಟ್ಟಾಗಲಾದರೋ ಅವನು ಕೊಡುವವನಾಗುತ್ತಾನೆ. ಆದಕಾರಣ ವೃದ್ಧರನ್ನು ಸಲಹಿದರೆ ಸಾಲದು. ಅವರಿಂದ ಪಡೆಯುವದನ್ನೂ ನಾವು ಕಲಿಯಬೇಕು. ಈ ಸಾಯಂಕಾಲ ಮನೆಯ ಹಿರಿಯರು ಹಳೆಯ ಮಾತನ್ನು ತೆಗೆದಾಗ ನಾವು ಎದ್ದುಹೋಗದೆ, “ಆಮೇಲೇನಾಯಿತು?” ಎಂದು ಕೇಳೋಣ.