ಫಲಾನುಭವಿ ಯಾರು?

2020ರಲ್ಲಿ ಇನ್ಫೋಸಿಸ್ ತಾನು ಕಾರ್ಬನ್ ನ್ಯೂಟ್ರಲ್ ಆಗಿದ್ದೇನೆ ಎಂದು ಪ್ರಕಟಿಸಿತು. ಪ್ಯಾರಿಸ್ ಒಪ್ಪಂದದ ಗಡುವಿಗಿಂತ ಮೂವತ್ತು ವರ್ಷ ಮೊದಲೇ, ಎಂದೂ ಹೇಳಿಕೊಂಡಿತು. ನಾನು ಆ ಕಂಪನಿಯವನಲ್ಲ. ಆದರೂ ಬೆಳ್ತಂಗಡಿ, ಬಂಟ್ವಾಳದ ಕಡೆಯಿಂದ ಬಿ.ಇ. ಓದಲು ಹೊರಟವರಿಗೆ ಅದು ಪೂರ್ತಿ ಹೊರಗಿನ ಕಂಪನಿಯೂ ಅಲ್ಲ. ಹಿಂದೆ ಬಂಟ್ವಾಳ ತಾಲೂಕಿಗೆ ಸೇರಿದ್ದ ಮುಡಿಪಿನ ಗುಡ್ಡದ ಮೇಲೆ ಅದರ ಕ್ಯಾಂಪಸ್ ಉಂಟು. ನಮ್ಮೂರಿನ ಯಾವ ಮದುವೆಯ ಪಂಕ್ತಿಯಲ್ಲಿ ಕೂತರೂ ಅಲ್ಲಿ ಕೆಲಸ ಮಾಡುವವರು, ಮಾಡಿ ಬಿಟ್ಟವರು, ಕಡೇಪಕ್ಷ ಮಾಡುವವರ ಅತ್ತೆ ಸಿಕ್ಕೇ ಸಿಗುತ್ತಾರೆ.

ಇಂಥ ಸುದ್ದಿ ಬಂದಾಗ ‘ಎಲ್ಲಾ ಪ್ರಚಾರ ಮಾರಾಯ’ ಎಂದು ಪಕ್ಕಕ್ಕಿಡುವುದು ಸುಲಭ. ನನಗೆ ಹಾಗೆ ಇಡಲಾಗುವುದಿಲ್ಲ, ಯಾಕೆಂದರೆ ಅದರ ಹಿಂದೆ ನಿಜವಾದ ಎಂಜಿನಿಯರಿಂಗ್ ಇದೆ. 2011ರ ಸುಮಾರಿಗೆ ಹೈದರಾಬಾದಿನ ಪೋಚಾರಂ ಕ್ಯಾಂಪಸ್ಸಿನಲ್ಲಿ ಅವರು ಒಂದು ಕಟ್ಟಡವನ್ನು ಎರಡು ಸಮ ಹೋಳುಗಳಾಗಿ ಕಟ್ಟಿದರು. ಒಂದು ಹೋಳಿಗೆ ಮಾಮೂಲಿ ಎಸಿ, ತಣ್ಣನೆ ಗಾಳಿ ಊದುವಂಥದ್ದು. ಇನ್ನೊಂದರಲ್ಲಿ ಕಾಂಕ್ರೀಟ್ ಸ್ಲ್ಯಾಬಿನ ಒಳಗೇ ಪೈಪು ಹಾಯಿಸಿ ತಣ್ಣೀರು ಹರಿಸಿದರು. ಸ್ಲ್ಯಾಬು ತಣ್ಣಗಾಗಿ ಕೋಣೆಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಗಾಳಿಗಿಂತ ನೀರು ಶಾಖವನ್ನು ಚೆನ್ನಾಗಿ ಹೊರುತ್ತದೆ ಎನ್ನುವುದು ಪಿಯುಸಿ ಫಿಸಿಕ್ಸ್, ಅಷ್ಟೇ. ಎರಡೂ ಕಡೆ ಮೀಟರ್ ಇಟ್ಟು ನೋಡಿದರೆ ನೀರಿನ ಕಡೆ ತಂಪಿಗೆ ಬೇಕಾದ ವಿದ್ಯುತ್ತಿನಲ್ಲಿ ಮೂರರಲ್ಲೊಂದು ಪಾಲಿಗೂ ಮೀರಿ ಉಳಿತಾಯ. ನನಗೆ ಈ ಪ್ರಯೋಗ ಬಹಳ ಇಷ್ಟ. ಭಾಷಣ ಮಾಡದೆ ಅಕ್ಕಪಕ್ಕ ಕಟ್ಟಿ ತೋರಿಸಿದ್ದಾರೆ.

ಹೀಗೆ ಮಾಡುತ್ತ 2008ಕ್ಕೆ ಹೋಲಿಸಿದರೆ ಒಬ್ಬ ಉದ್ಯೋಗಿಯ ಪಾಲಿನ ವಿದ್ಯುತ್ ಬಳಕೆಯನ್ನು ಅರ್ಧಕ್ಕಿಂತ ಕೆಳಗೆ ತಂದರು. ‘ಒಬ್ಬ ಉದ್ಯೋಗಿಯ ಪಾಲಿನ’ ಎಂಬ ಮಾತನ್ನು ಸ್ವಲ್ಪ ಹಿಡಿದು ನೋಡಬೇಕು. 2008ರಲ್ಲಿ ಉದ್ಯೋಗಿಗಳು ಸುಮಾರು 91 ಸಾವಿರ, 2020ರಲ್ಲಿ ಸುಮಾರು 2.4 ಲಕ್ಷ. ತಲೆಗೆ ಅರ್ಧವಾದರೂ ತಲೆಗಳು ಎರಡೂವರೆ ಪಟ್ಟು ಆದರೆ ಒಟ್ಟು ಮೊತ್ತ ಕೆಳಗಿಳಿಯುವುದಿಲ್ಲ, ಇದು ನನ್ನ ಒರಟು ಲೆಕ್ಕ. ಅದು ಅವರ ಸಾಧನೆಯನ್ನು ಚಿಕ್ಕದು ಮಾಡುವುದಿಲ್ಲ. ಏನೂ ಮಾಡದೆ ಸುಮ್ಮನೆ ಇದ್ದಿದ್ದರೆ ಬಳಕೆಯೂ ಎರಡೂವರೆ ಪಟ್ಟು ಆಗುತ್ತಿತ್ತು. ಆದರೆ ಗಾಳಿಗೆ ಸರಾಸರಿ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಟ್ಟು ಮಾತ್ರ.

ಹಾಗಾದರೆ ಸೊನ್ನೆ ಬಂದದ್ದು ಹೇಗೆ? ಉಳಿತಾಯದ ಮೇಲೆ ಸೌರವಿದ್ಯುತ್ತು ಸೇರಿತು. ಅದರ ನಂತರವೂ ವಿಮಾನ ಪ್ರಯಾಣ, ಉದ್ಯೋಗಿಗಳ ಓಡಾಟ ಎಂದು ಒಂದಿಷ್ಟು ಹೊಗೆ ಬಾಕಿ ಉಳಿಯುತ್ತದೆ. ಅದನ್ನು ಆಫ್‌ಸೆಟ್‌ನಿಂದ ತುಂಬಿಸುತ್ತಾರೆ, ಅಂದರೆ ಬೇರೆಲ್ಲೋ ಅಷ್ಟೇ ಹೊಗೆ ತಪ್ಪುವಂತೆ ಮಾಡಿ ತಮ್ಮ ಖಾತೆಗೆ ಜಮೆ ಮಾಡಿಕೊಳ್ಳುವುದು. ಹೆಚ್ಚಿನ ಕಂಪನಿಗಳು ಇದನ್ನು ಮಾರ್ಕೆಟ್ಟಿನಲ್ಲಿ ಕೊಂಡು ಕೈತೊಳೆದುಕೊಳ್ಳುತ್ತವೆ. ಇನ್ಫೋಸಿಸ್ ಹಳ್ಳಿಗಳಲ್ಲಿ ತಾನೇ ದುಡ್ಡು ಹಾಕಿ ಯೋಜನೆ ನಡೆಸಿತು. ರಾಮನಗರದ ಕಡೆ ಸಾವಿರಾರು ಮನೆಗಳಿಗೆ ಗೋಬರ್ ಗ್ಯಾಸ್ ಹಾಕಿಸಿಕೊಟ್ಟಿತು, ಇತರ ರಾಜ್ಯಗಳಲ್ಲಿ ಹೊಗೆ ಕಡಿಮೆಯ ಒಲೆ. ಸೌದೆ ಉರಿಯದೆ ತಪ್ಪಿದ ಹೊಗೆ ಕಂಪನಿಯ ಲೆಕ್ಕಕ್ಕೆ. 2019ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಪ್ರಶಸ್ತಿಯೂ ಬಂತು.

ಇದನ್ನು ಮಧ್ಯಯುಗದ ಯೂರೋಪಿನಲ್ಲಿ ದುಡ್ಡು ಕೊಟ್ಟು ಪಾಪವಿಮೋಚನೆಯ ಚೀಟಿ ಕೊಂಡ ಹಾಗೆ ಎಂದು ಹೋಲಿಸುವವರಿದ್ದಾರೆ. ಕೇಳಲು ಚಂದದ ಹೋಲಿಕೆ, ನಾನು ಒಪ್ಪುವುದಿಲ್ಲ. ಆ ಚೀಟಿಯಿಂದ ಯಾರ ಮನೆಯ ಅನ್ನವೂ ಬೇಯಲಿಲ್ಲ. ಇಲ್ಲಿ ನಿಜವಾಗಿ ಬರ್ನರ್ ಹೊತ್ತಿಕೊಳ್ಳುತ್ತದೆ, ಹೆಂಗಸೊಬ್ಬಳು ಕೆಮ್ಮುವುದು ನಿಲ್ಲುತ್ತದೆ. ನನಗೆ ತೊಡಕಾಗಿ ಕಾಣುವುದು ಬೇರೆ ಕಡೆ, ಮತ್ತು ಅದು ಕಂಡದ್ದು ನಮ್ಮ ಮನೆಯಲ್ಲೂ ಒಂದು ಗೋಬರ್ ಗ್ಯಾಸ್ ಇದ್ದ ಕಾರಣಕ್ಕೆ.

ಬೆಳ್ತಂಗಡಿ ತಾಲೂಕಿನಲ್ಲಿ ಗೋಬರ್ ಗ್ಯಾಸ್ ಹೊಸ ವಿಷಯವೇ ಅಲ್ಲ. ಎಂಬತ್ತರ ದಶಕದಲ್ಲಿ ಕೇಂದ್ರದ ಸಬ್ಸಿಡಿ ಬಂತು. 1982ರಲ್ಲಿ ಶುರುವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯೂ ಊರವರ ಬೆನ್ನಿಗೆ ನಿಂತಿತು. ನಮ್ಮದು ದೀನಬಂಧು ಮಾದರಿ, ನೆಲದೊಳಗೆ ಇಟ್ಟಿಗೆಯ ಗುಮ್ಮಟ, ಎರಡು ಘನ ಮೀಟರಿನದ್ದು. ಅದಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸೆಗಣಿ ಬೇಕು, ಅಷ್ಟೇ ನೀರೂ ಬೇಕು. ಅಂದರೆ ಹಟ್ಟಿಯಲ್ಲಿ ಮೂರ್ನಾಲ್ಕು ದನ ಇರಲೇಬೇಕು. ಹಟ್ಟಿಯಿಂದ ಬುಟ್ಟಿಯಲ್ಲಿ ಸೆಗಣಿ ತಂದು ತೊಟ್ಟಿಗೆ ಹಾಕಿ, ನೀರು ಹೊಯ್ದು, ಕೈಯಲ್ಲೇ ಕಲಸಿ, ನಾರು ಕಲ್ಲು ತೆಗೆದು ಒಳಗೆ ಬಿಡಬೇಕು. ಎರಡು ದಿನ ಬಿಟ್ಟರೆ ಉರಿ ಸಣ್ಣಗಾಗುತ್ತದೆ. ಮಳೆಗಾಲದಲ್ಲಿ ಹೇಗೂ ಉರಿ ಸಣ್ಣವೇ. ಈ ಕೆಲಸವನ್ನು ಮೂವತ್ತು ವರ್ಷ ಮಾಡಿದ್ದು ಅಮ್ಮ. ಜ್ವರ ಬಂದ ದಿನ ಅಪ್ಪ ಮಾಡಿದ್ದುಂಟು, ಮರುದಿನ ಮತ್ತೆ ಅಮ್ಮನೇ.

ಈಗ ರಾಮನಗರದ ಯಾವುದೋ ಮನೆಯನ್ನು ನೆನೆಸಿಕೊಳ್ಳಿ. ಗುಂಡಿ ತೋಡಿ ಗುಮ್ಮಟ ಕಟ್ಟಿದ ಖರ್ಚು ಕಂಪನಿಯದ್ದು, ಸರಿ. ಆದರೆ ಗುಮ್ಮಟ ತಾನಾಗಿ ಹೊಗೆ ತಪ್ಪಿಸುವುದಿಲ್ಲ. ನಾಳೆ ಬೆಳಿಗ್ಗೆ ಯಾರೋ ಬುಟ್ಟಿ ಹೊರಬೇಕು, ನಾಡಿದ್ದೂ ಹೊರಬೇಕು, ಕ್ರೆಡಿಟ್ಟಿನ ಅವಧಿ ಮುಗಿಯುವ ತನಕ ಹೊರುತ್ತಲೇ ಇರಬೇಕು. ಆ ಕೈ ಒಂದು ವಾರ ನಿಂತರೆ ಇಲ್ಲಿ ಗಾಜಿನ ಕಟ್ಟಡದ ಸೊನ್ನೆಯಲ್ಲಿ ಒಂದು ಚೂರು ಬಿರುಕು ಬಿಡುತ್ತದೆ. ಇಂಥ ಯೋಜನೆಗಳ ಕಾಗದದಲ್ಲಿ ಆ ಹೆಂಗಸಿಗೆ ಇರುವ ಹೆಸರು ‘ಫಲಾನುಭವಿ’. ನಾನು ಬಹಳ ದಿನ ಈ ಶಬ್ದವನ್ನು ಓದಿ ದಾಟಿಕೊಂಡು ಹೋಗುತ್ತಿದ್ದೆ. ಫಲ ಅವಳಿಗೂ ಸಿಗುತ್ತದೆ, ನಿಜ: ಸೌದೆಗೆ ಅಲೆಯುವುದು ತಪ್ಪಿತು, ತೋಟಕ್ಕೆ ಸ್ಲರಿ ಸಿಕ್ಕಿತು. ಆದರೆ ಅವಳ ದುಡಿಮೆಯ ಇನ್ನೊಂದು ಫಲವನ್ನು ಅನುಭವಿಸುವವರು ಯಾರು? ಎಸಿ ರೂಮಿನಲ್ಲಿ ‘ನಾವು ನ್ಯೂಟ್ರಲ್’ ಎಂಬ ಪೋಸ್ಟರಿನ ಪಕ್ಕ ಕಾಫಿ ಕುಡಿಯುವ ನನ್ನಂಥವರು.

ಇದಕ್ಕೆ ಉತ್ತರ ಉಂಟು. ಅವಳು ಒಪ್ಪಿಯೇ ಹಾಕಿಸಿಕೊಂಡದ್ದು, ಯಾರೂ ಬಲವಂತ ಮಾಡಿಲ್ಲ, ಇಬ್ಬರಿಗೂ ಲಾಭ, ಮತ್ತೆಂತ ತಕರಾರು? ತಕರಾರು ವ್ಯವಹಾರದ ಬಗ್ಗೆ ಅಲ್ಲ, ನ್ಯಾಯ ಸಿಕ್ಕಿರಲೂಬಹುದು. ಪುಣ್ಯ ಯಾರ ಹೆಸರಿಗೆ ಬರೆಯಲ್ಪಟ್ಟಿತು ಎಂಬುದರ ಬಗ್ಗೆ. ನಮ್ಮಲ್ಲಿ ಕೆರೆ ಕಟ್ಟಿಸಿದ ರಾಜನ ಹೆಸರು ಶಾಸನದಲ್ಲಿ ಇರುತ್ತದೆ, ಮಣ್ಣು ಹೊತ್ತವರದ್ದು ಇರುವುದಿಲ್ಲ. ಆದರೆ ಕೆರೆ ಒಮ್ಮೆ ಕಟ್ಟಿದರೆ ಮುಗಿಯಿತು. ಇಲ್ಲಿ ದಿನಾ ಕಟ್ಟಬೇಕು. ದಿನಾ ಮಾಡುವ ಕೆಲಸಕ್ಕೆ ನಮ್ಮ ಆಫೀಸಿನಲ್ಲಿ ಇರುವ ಶಬ್ದ ಬೇರೆ. ನಮ್ಮ ಸರ್ವರ್ ಕೂಲಿಂಗ್ ನೋಡಿಕೊಳ್ಳುವವರನ್ನು ನಾವು ಫಲಾನುಭವಿ ಎನ್ನುವುದಿಲ್ಲ, ಫೆಸಿಲಿಟೀಸ್ ಟೀಮ್ ಎನ್ನುತ್ತೇವೆ.

ನನ್ನ ಕೆಲಸವೇ ಈ ಲೆಕ್ಕಕ್ಕೆ ಸಂಬಂಧಿಸಿದ್ದು. ಸೆಬಿಯವರು 2022-23ರಿಂದ ದೊಡ್ಡ ಸಾವಿರ ಲಿಸ್ಟೆಡ್ ಕಂಪನಿಗಳಿಗೆ ಪರಿಸರ, ಸಮಾಜದ ವರದಿ ಕಡ್ಡಾಯ ಮಾಡಿದ ಮೇಲೆ ಅಂಥ ಡ್ಯಾಶ್‌ಬೋರ್ಡುಗಳಿಗೆ ಬೇಡಿಕೆ ಬಂತು. ನಮ್ಮ ಟೀಮು ಕಟ್ಟುವುದು ಅದನ್ನೇ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮನಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಹಸಿರು ಬಾರು, ಕೆಂಪು ಬಾರು ಎಲ್ಲ ನೋಡಿ, ಆಫ್‌ಸೆಟ್ ಅಂದರೆ ಏನೆಂದು ಕೇಳಿದ ಮೇಲೆ, “ಅಂದ್ರೆ ನಿಮ್ಮ ಆಫೀಸಿನ ಹೊಗೆಗೆ ಅಲ್ಲಿ ಹೆಂಗಸರು ಸೆಗಣಿ ಕಲಸುದಾ?” ಅಂದರು.

ಹೆಚ್ಚುಕಮ್ಮಿ ಹಾಗೇ, ಅಂದೆ.

“ನಾನು ಕಲಸಿದ್ದು ಯಾರ ಲೆಕ್ಕಕ್ಕೆ ಹೋಯ್ತು ಹಾಗಾದ್ರೆ?”

ಯಾರ ಲೆಕ್ಕಕ್ಕೂ ಇಲ್ಲ. 1997ರ ಕ್ಯೋಟೋ ಒಪ್ಪಂದದಿಂದ ಬಂದ ಪದ್ಧತಿಯ ಪ್ರಕಾರ, ಕ್ರೆಡಿಟ್ಟಿನ ದುಡ್ಡು ಬಾರದಿದ್ದರೂ ಆಗುತ್ತಿದ್ದ ಒಳ್ಳೆಯ ಕೆಲಸಕ್ಕೆ ಕ್ರೆಡಿಟ್ ಇಲ್ಲ. ನಿಯಮ ಸರಿಯೇ, ಇಲ್ಲದಿದ್ದರೆ ಎಲ್ಲರೂ ಹಳೇ ಪುಣ್ಯ ಮಾರಲು ಬರುತ್ತಾರೆ. ಆದರೂ ಅದರ ಒಳಗೊಂದು ವಿಚಿತ್ರ ಕೂತಿದೆ. ಮೊದಲು ಜಾಸ್ತಿ ಉರಿಸಿದವನಿಗೆ ಮಾತ್ರ ಕಡಿಮೆ ಮಾಡಿದ ಹೆಸರು ಬರುತ್ತದೆ. ಮುರಕಲ್ಲಿನ ಗೋಡೆ, ಮಂಗಳೂರು ಹಂಚು, ಅಂಗಳಕ್ಕೆ ಅಡಿಕೆ ಸೋಗೆಯ ಚಪ್ಪರ ಇದ್ದ ನಮ್ಮ ಮನೆಗೆ ಯಾವ ಪ್ಲ್ಯಾಟಿನಂ ಸರ್ಟಿಫಿಕೇಟೂ ಬರಲಿಲ್ಲ. ಅಮ್ಮ ಪರಿಸರ ಉಳಿಸಲಿಕ್ಕೆ ಹಾಗೆ ಬದುಕಲಿಲ್ಲ ಎನ್ನುವುದೂ ನಿಜ. ಸಿಲಿಂಡರಿಗೆ ದುಡ್ಡಿರಲಿಲ್ಲ, ಪೇಟೆ ದೂರ. ಬೇರೆ ದಾರಿ ಇಲ್ಲದೆ ಮಿತವಾಗಿದ್ದದ್ದು ಸದ್ಗುಣವೇ ಎಂದು ಕೇಳಿದರೆ ನನ್ನ ಬಳಿ ಚೊಕ್ಕ ಉತ್ತರವಿಲ್ಲ. ಆ ದೃಷ್ಟಿಯಿಂದ ನೋಡಿದರೆ, ದುಡ್ಡಿದ್ದೂ ಪೈಪಿನಲ್ಲಿ ನೀರು ಹರಿಸುವ ದಾರಿ ಹುಡುಕಿದವರೇ ಹೆಚ್ಚು ಎನ್ನಬೇಕಾಗುತ್ತದೆ. ಹಾಗೆನ್ನಲು ಮನಸ್ಸು ಬರುವುದಿಲ್ಲ, ಅಲ್ಲಗಳೆಯಲೂ ಆಗುವುದಿಲ್ಲ.

ಈಗ ನಮ್ಮ ಹಟ್ಟಿ ಖಾಲಿ. ಅಪ್ಪನ ಮೊಣಕಾಲು ಕೈಕೊಟ್ಟ ವರ್ಷ ಕೊನೆಯ ದನವನ್ನೂ ಕೊಟ್ಟಾಯಿತು. ಗುಮ್ಮಟ ಒಣಗಿದೆ, ಅಡುಗೆ ಸಿಲಿಂಡರಿನಲ್ಲಿ, ಏಪ್ರಿಲಿನ ಸೆಕೆಗೆ ಮಲಗುವ ಕೋಣೆಗೊಂದು ಎಸಿಯೂ ಬಂದಿದೆ, ನಾನೇ ಹಾಕಿಸಿದ್ದು. ನಮ್ಮ ಮನೆಯ ಹೊಗೆ ಏರಿದ ವರ್ಷಗಳೇ ನಾನು ಬೆಂಗಳೂರಿನಲ್ಲಿ ಕೂತು ಇನ್ನೊಬ್ಬರ ಹೊಗೆ ಇಳಿಯುವ ಗ್ರಾಫ್ ಬಿಡಿಸಿದ ವರ್ಷಗಳು. ಬೆಳ್ತಂಗಡಿಯಲ್ಲಿ ಹೀಗಾದದ್ದು ನಮ್ಮೊಬ್ಬರ ಮನೆಯಲ್ಲಿ ಅಲ್ಲ. ಮಕ್ಕಳು ಆಫೀಸಿಗೆ ಹೋದ ಹಾಗೆ ಹಟ್ಟಿಗಳು ಮುಚ್ಚಿದವು. ರಾಮನಗರದ ಮನೆಗಳ ಮಕ್ಕಳೂ ನಾಳೆ ಇದೇ ಕಂಪನಿಗಳಿಗೆ ಬರುತ್ತಾರೆ, ಬರಬೇಕು ಕೂಡ. ಆಗ ಬುಟ್ಟಿ ಹೊರುವವರು ಯಾರು ಎಂಬುದಕ್ಕೆ ಯಾವ ಡ್ಯಾಶ್‌ಬೋರ್ಡಿನಲ್ಲೂ ಜಾಗ ಇಲ್ಲ.

ಊರಿಂದ ಬಂದ ವಾರ ನಾನೊಂದು ಟಿಕೆಟ್ ಹಾಕಿದೆ: ಆಫ್‌ಸೆಟ್ ಟೇಬಲ್ಲಿನಲ್ಲಿ ‘ಫಲಾನುಭವಿಗಳು’ ಎಂಬ ಕಾಲಮ್ಮಿನ ಪಕ್ಕ, ದಿನಕ್ಕೆ ಅವರ ಎಷ್ಟು ಹೊತ್ತಿನ ಕೆಲಸದ ಮೇಲೆ ಈ ಟನ್ನುಗಳು ನಿಂತಿವೆ ಎಂದು ತೋರಿಸುವ ಇನ್ನೊಂದು ಕಾಲಮ್ಮು. ಜೊತೆಗೆ, ಅಷ್ಟಕ್ಕೆ ವರ್ಷ ವರ್ಷ ಸಂದಾಯವಾದದ್ದೆಷ್ಟು ಎಂಬ ಒಂದು ಸಂಖ್ಯೆ. ಮ್ಯಾನೇಜರು ಕೆಟ್ಟವರಲ್ಲ, ಪೂರ್ತಿ ಓದಿದರು. ಕ್ಲೈಂಟ್ ಕೇಳಿಲ್ಲವಲ್ಲ ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಯೂನಿಟ್ ಎಂತ ಇಡ್ತೀರಿ?” ಎಂದು ಕೇಳಿದರು. ಗಂಟೆ, ಅಂದೆ. ಟಿಕೆಟ್ಟು ಇನ್ನೂ ಓಪನ್ ಇದೆ.