ಚೆನ್ನಾಗಿತ್ತು ಎಂದ ಮೇಲೆ

ಚೆನ್ನೈಗೆ ಬಂದ ಎರಡನೇ ವರ್ಷ ನನಗೊಂದು ಪುಟ್ಟ ತಗಡಿನ ಡಬ್ಬಿ ಉಡುಗೊರೆಯಾಗಿ ಬಂತು. ಒಳಗೆ ನಲವತ್ತು ಗ್ರಾಂ ಹಸಿರು ಚಹಾದ ಎಲೆ. ಕೊಟ್ಟವರು ನಮ್ಮ ವಿಭಾಗದ ಕೊರಿಯನ್ ಮುಖ್ಯಸ್ಥರು. ಶ್ರೀಪೆರಂಬದೂರಿನ ಆಸುಪಾಸು ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಗಳಲ್ಲಿ ಇರುವವರಿಗೆ ಕೊರಿಯನ್ ಮೇಲಧಿಕಾರಿಗಳು ಹೊಸಬರಲ್ಲ. ಅವರನ್ನು ನಾವೆಲ್ಲ ‘ಬುಜಾಂಗ್‌ನಿಮ್’ ಎಂದು ಕರೆಯುತ್ತಿದ್ದೆವು. ಬುಜಾಂಗ್ ಎಂದರೆ ವಿಭಾಗದ ಮುಖ್ಯಸ್ಥ. ನಿಮ್ ಎಂದರೆ ನಮ್ಮ ‘ಅವರು’ ಇದ್ದ ಹಾಗೆ. ಮೇ ತಿಂಗಳಲ್ಲಿ ರಜೆ ಮುಗಿಸಿ ಬಂದವರು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಹೆಂಡತಿಯ ತವರು ಹಾದೊಂಗ್, ಇದು ಅತ್ತೆಯೇ ಕೊಯ್ದ ಎಲೆ ಎಂದರು.

ಆ ಸಂಜೆ ವೇಲಚೇರಿಯ ಬಾಡಿಗೆ ಮನೆಯಲ್ಲಿ ಕೊತಕೊತ ಕುದಿಯುವ ನೀರಿಗೆ ಎರಡು ಚಮಚ ಎಲೆ ಹಾಕಿ ಐದು ನಿಮಿಷ ಮುಚ್ಚಿಟ್ಟೆ. ಸಾಗರದ ಕಡೆಯವನು ನಾನು; ಕಷಾಯ ಎಂದರೆ ಕುದಿಯಬೇಕು ಎಂಬ ನಂಬಿಕೆಯಲ್ಲಿ ಬೆಳೆದವನು. ಬಂದದ್ದು ಹಾಗಲಕಾಯಿ ಬೇಯಿಸಿದ ನೀರು. ಸಕ್ಕರೆ ಹಾಕಿದೆ, ಇನ್ನೂ ಕೆಟ್ಟಿತು. ಸಿಂಕಿಗೆ ಸುರಿದು ಫಿಲ್ಟರ್ ಕಾಫಿ ಮಾಡಿಕೊಂಡೆ.

ಮರುದಿನ ಅವರು ಕೇಳಿದರು. “ತುಂಬ ಚೆನ್ನಾಗಿತ್ತು ಬುಜಾಂಗ್‌ನಿಮ್” ಎಂದೆ. ಅವರ ಮುಖ ಅರಳಿತು. ಆ ವಾರವೇ ಅತ್ತೆಗೆ ಫೋನ್ ಮಾಡಿ ಹೇಳಿದರಂತೆ. ಮುಂದಿನ ಮೇ ತಿಂಗಳಲ್ಲಿ ಇನ್ನೊಂದು ಡಬ್ಬಿ ಬಂತು.

ಇದನ್ನು ಸುಳ್ಳು ಅಂತ ಯಾರು ಎನ್ನುತ್ತಾರೆ? ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದರೆ, “ಕೊಟ್ಟೋರ ಮನಸ್ಸು ನೋಯಿಸ್ಬಾರ್ದು ಮಾರಾಯ, ಸರಿಯಾಗೇ ಮಾಡಿದ್ದೀಯ” ಅಂದಳು. ನಾವು ಊರು ಬಿಟ್ಟು ಬಂದವರು ಈ ವಿದ್ಯೆಯಲ್ಲಿ ಪಳಗಿರುತ್ತೇವೆ. ಪುಣೆಯಲ್ಲಿದ್ದಾಗ ಮಿಸಳ್ ‘ಸೂಪರ್’, ಇಲ್ಲಿ ವತ್ತಕುಳಂಬು ‘ಸೂಪರ್’. ಯಾರ ಮನೆಯ ಊಟಕ್ಕೂ ಒಂದೇ ಮಾತು. ಹಾಗೆ ಹೇಳುತ್ತ ಹೇಳುತ್ತ ನಮಗೆ ನಿಜವಾಗಿ ಏನು ಹಿಡಿಸಿತು ಎನ್ನುವುದೇ ಗೊತ್ತಾಗದ ಸ್ಥಿತಿ ಬರುತ್ತದೆ. ಆದರೂ ಅದು ಪಾಪವೆಂದು ನನಗೆ ಅನ್ನಿಸಿರಲಿಲ್ಲ. ಅಲ್ಲದೆ ಬುಜಾಂಗ್‌ನಿಮ್ ಸ್ವತಃ ದಿನವಿಡೀ ಸ್ಯಾಶೆಯ ಇನ್‌ಸ್ಟಂಟ್ ಕಾಫಿ ಕುಡಿಯುತ್ತಿದ್ದರು. ಕೊರಿಯಾದಲ್ಲೂ ಜನ ದಿನನಿತ್ಯ ಕುಡಿಯುವುದು ಹೆಚ್ಚಾಗಿ ಕಾಫಿಯೇ, ಇಲ್ಲ ಹುರಿದ ಬಾರ್ಲಿಯ ನೀರು. ಹಾಗಾಗಿ ಈ ಎಲೆ ಅಷ್ಟೇನೂ ದೊಡ್ಡ ವಿಷಯವಲ್ಲ ಎಂದುಕೊಂಡಿದ್ದೆ.

ಆ ವರ್ಷ ದೀಪಾವಳಿಗೆ ಅವರನ್ನು ಊಟಕ್ಕೆ ಕರೆದೆವು. ಊಟವಾದ ಮೇಲೆ, “ಆ ಚಹಾ ಇದ್ದರೆ ನಾನೇ ಮಾಡುತ್ತೇನೆ” ಎಂದು ಎದ್ದರು. ನಾನು ತಡೆಯುವ ಮೊದಲೇ ನನ್ನವಳು ಕಪಾಟು ತೆಗೆದಳು. ಎರಡು ಡಬ್ಬಿಗಳು ಪಕ್ಕಪಕ್ಕ. ಹಳೆಯದರ ಮುಚ್ಚಳ ತೆಗೆದು ನೋಡಿದರು. ಹೆಚ್ಚುಕಡಿಮೆ ತುಂಬಿಯೇ ಇತ್ತು. ಒಡೆಯದ ಎರಡನೆಯದನ್ನೂ ನೋಡಿದರು. ನನ್ನ ಕಡೆ ನೋಡಲಿಲ್ಲ. ಒಂದು ಬಟ್ಟಲು ಕೊಡಿ ಎಂದರು, ಅಷ್ಟೇ.

ಮುಂದಿನ ಕಾಲು ಗಂಟೆ ನಾನು ಕಲಿತದ್ದು ಇಷ್ಟು. ಡಬ್ಬಿಯ ಮೇಲೆ ಬರೆದದ್ದು ‘ಊಜೊನ್’, ಅಂದರೆ ಮಳೆಗೆ ಮುಂಚಿನದು. ಅವರ ಹಳೆಯ ಪಂಚಾಂಗದಲ್ಲಿ ಏಪ್ರಿಲ್ 20ರ ಸುಮಾರಿಗೆ ‘ಗೊಗು’ ಎಂಬ ಒಂದು ಸಂಧಿ ಬರುತ್ತದೆ, ಧಾನ್ಯದ ಮಳೆ ಎಂದು ಅರ್ಥ. ಅದಕ್ಕೂ ಮೊದಲು ಕೊಯ್ದ ಚಿಗುರು ಊಜೊನ್. ಅದರ ನಂತರದ್ದು ಸೇಜಾಕ್, ಆಮೇಲೆ ಜುಂಗ್‌ಜಾಕ್, ದೇಜಾಕ್. ಎಲೆ ಬಲಿತಷ್ಟೂ ಬೆಲೆ ಇಳಿಯುತ್ತದೆ. ಎಳೆ ಚಿಗುರಿನ ಚಹಾಕ್ಕೆ ‘ಗುಬ್ಬಿಯ ನಾಲಿಗೆ’ ಎಂಬ ಹೆಸರೂ ಇದೆ. ಅಂಗೈಯಲ್ಲಿ ಹಾಕಿ ನೋಡಿದರೆ ಆ ಹೆಸರು ತಪ್ಪಲ್ಲ. ಹಾದೊಂಗ್ ಇರುವುದು ಜಿರಿಸಾನ್ ಬೆಟ್ಟದ ಬುಡದಲ್ಲಿ. 828ರಲ್ಲಿ ಚೀನಾಕ್ಕೆ ಹೋದ ರಾಯಭಾರಿಯೊಬ್ಬ ತಂದ ಬೀಜವನ್ನು ಸಿಲ್ಲಾದ ರಾಜ ಆ ಬೆಟ್ಟದಲ್ಲೇ ನೆಡಿಸಿದನೆಂದು ಅವರ ಹಳೆಯ ಚರಿತ್ರೆಯಲ್ಲಿದೆ. ಕೊಯ್ದ ಎಲೆಯನ್ನು ಜಪಾನಿನಲ್ಲಿ ಸಾಮಾನ್ಯವಾಗಿ ಹಬೆಯಲ್ಲಿ ಬಾಡಿಸುತ್ತಾರೆ. ಹಾದೊಂಗ್‌ನವರು ಕಬ್ಬಿಣದ ದೊಡ್ಡ ಕಡಾಯಿಯಲ್ಲಿ, ದಪ್ಪ ಕೈಗವಸು ಹಾಕಿಕೊಂಡು ಕೈಯಲ್ಲೇ ಆಡಿಸಿ ಹುರಿಯುತ್ತಾರೆ. ಚಾಪೆಯ ಮೇಲೆ ಹಾಕಿ ಉಜ್ಜುತ್ತಾರೆ, ಮತ್ತೆ ಹುರಿಯುತ್ತಾರೆ, ಮತ್ತೆ ಉಜ್ಜುತ್ತಾರೆ. ಹಸಿ ಎಲೆಯ ತೂಕದಲ್ಲಿ ಮುಕ್ಕಾಲು ಪಾಲು ನೀರಾಗಿ ಹೋಗುತ್ತದೆ. ನಾನು ಸಿಂಕಿಗೆ ಸುರಿದದ್ದು ಇದನ್ನು.

ಕುದಿದ ನೀರನ್ನು ಅವರು ಎಲೆಗೆ ಹಾಕಲಿಲ್ಲ. ನಮ್ಮ ಸ್ಟೀಲ್ ಬಟ್ಟಲಿಗೆ ಹಾಕಿದರು, ಕಾದರು, ಇನ್ನೊಂದು ಪಾತ್ರೆಗೆ ಬಗ್ಗಿಸಿದರು. ಅಲ್ಲಿ ಇದಕ್ಕೆಂದೇ ಕೊಕ್ಕಿರುವ ಪಿಂಗಾಣಿ ಬಟ್ಟಲು ಇರುತ್ತದಂತೆ. ಅರವತ್ತೈದು, ಎಪ್ಪತ್ತು ಡಿಗ್ರಿಗೆ ಇಳಿದ ಮೇಲೆ ಎಲೆಗೆ ಹುಯ್ದರು. ಎಳೆಯ ಚಿಗುರಿನಲ್ಲಿ ಥಿಯನೀನ್ ಹೆಚ್ಚು, ಸಿಹಿ ಬರುವುದು ಮುಖ್ಯವಾಗಿ ಅದರಿಂದ, ಅದು ಆರಿದ ನೀರಿಗೂ ಇಳಿಯುತ್ತದೆ. ಕಹಿಯನ್ನೂ ಒಗರನ್ನೂ ಎಳೆದು ತರುವುದು ಕುದಿನೀರು. ಒಂದು ಒಳ್ಳೆಯ ಎಲೆಯನ್ನು ಹಾಗಲಕಾಯಿ ಮಾಡಿದ ಪೂರ್ತಿ ಕೀರ್ತಿ ನನ್ನದೇ.

ಕುಡಿದೆ. “ಈಗ ಹೇಳಿ” ಎಂದರು. ಇನ್ನೊಮ್ಮೆ ‘ಚೆನ್ನಾಗಿದೆ’ ಎನ್ನಲು ಬಾಯಿ ಬರಲಿಲ್ಲ. ಮೊದಲು ಹುರಿದ ವಾಸನೆ, ಆಮೇಲೆ ಸಿಹಿಯಂಥದ್ದೇನೋ, ಕೊನೆಗೆ ನಾಲಿಗೆಯ ಬದಿಯಲ್ಲಿ ಸ್ವಲ್ಪ ಒಗರು ಎಂದೆ. ಒಗರಿಗೆ ಇಂಗ್ಲಿಷಿನಲ್ಲಿ ಹೇಳಲು ತಡವರಿಸಿ, ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಎಂದೆ. ಅವರಿಗೆ ತಟ್ಟನೆ ಗೊತ್ತಾಯಿತು. ಅವರಲ್ಲೂ ಅದಕ್ಕೊಂದು ಮನೆಮಾತಿನ ಪದ ಇದೆ. ಅವರ ಚಹಾದವರು ಐದು ರುಚಿ ಎಣಿಸುತ್ತಾರೆ, ಅದರಲ್ಲಿ ಒಗರೂ ಒಂದು. ನಮ್ಮದು ಷಡ್ರಸ, ಖಾರ ಒಂದು ಹೆಚ್ಚು ಎಂದೆ. ನಕ್ಕರು. ಹುರಿದ ವಾಸನೆಯನ್ನು ಚೆಸ್ಟ್‌ನಟ್ ಎಂದು ಹೇಳುವುದುಂಟು ಎಂದರು. ನಾನು ಅದನ್ನು ತಿಂದವನಲ್ಲ. ನನಗೆ ಬಂದದ್ದು ಬೂದಿಯಲ್ಲಿ ಸುಟ್ಟ ಹಲಸಿನ ಬೀಜದ ಸಿಪ್ಪೆ ಬಿಡಿಸಿದಾಗ ಏಳುವ ವಾಸನೆ.

ಎರಡು ವರ್ಷ ಈ ಮಾತುಕತೆ ನಡೆಯದಂತೆ ತಡೆದದ್ದು ನನ್ನ ಒಳ್ಳೆಯತನದ ಒಂದು ಮಾತು. ಅತ್ತೆಯ ಮನಸ್ಸು ನೋಯಲಿಲ್ಲ ನಿಜ, ಆದರೆ ಆಕೆಯ ಎಲೆಯ ಬಗ್ಗೆ ನಾನು ಏನನ್ನೂ ಹೇಳಿರಲೇ ಇಲ್ಲ. ನನ್ನ ‘ಚೆನ್ನಾಗಿತ್ತು’ ಆ ಡಬ್ಬಿಯಲ್ಲಿ ಒಣಹುಲ್ಲು ಇದ್ದಿದ್ದರೂ ಅದೇ ಆಗಿರುತ್ತಿತ್ತು.

ಆಮೇಲೆ ಹುಡುಕಿ ಓದಿದಾಗ ಸಿಕ್ಕ ಇಬ್ಬರು ಗೆಳೆಯರು ನನ್ನನ್ನು ಇನ್ನಷ್ಟು ಪೇಚಿಗೆ ಸಿಕ್ಕಿಸಿದರು. ಚೋ-ಉಯಿ ಎಂಬ ಬೌದ್ಧ ಭಿಕ್ಷು, 1837ರಲ್ಲಿ ಕೊರಿಯಾದ ಚಹಾವನ್ನು ಕುರಿತು ‘ದೊಂಗ್‌ದಾಸೊಂಗ್’ ಎಂಬ ಕಾವ್ಯ ಬರೆದವನು. ಕಿಮ್ ಜಂಗ್-ಹೀ ಎಂಬ ವಿದ್ವಾಂಸ, ಬರಹಗಾರಿಕೆಯ ದೊಡ್ಡ ಕಲಾವಿದ. ಇಬ್ಬರೂ 1786ರಲ್ಲಿ ಹುಟ್ಟಿದವರು. ಕಿಮ್‌ನನ್ನು 1840ರಲ್ಲಿ ಜೆಜು ದ್ವೀಪಕ್ಕೆ ಗಡೀಪಾರು ಮಾಡಿದರು. ಎಂಟು ವರ್ಷ ಅಲ್ಲೇ. ಭಿಕ್ಷು ಅವನಿಗೆ ಚಹಾ ಕಳಿಸುತ್ತಿದ್ದ. ತಡವಾದರೆ ಇವನು ಬೈದು ಪತ್ರ ಬರೆಯುತ್ತಿದ್ದ. ಒಮ್ಮೆಯಂತೂ ಚಹಾವನ್ನು ಹೊಗಳಿ, ಜೊತೆಗೇ ಹುರಿದದ್ದು ಸ್ವಲ್ಪ ಹೆಚ್ಚಾಗಿದೆ, ಮುಂದಿನ ಸಲ ಬೆಂಕಿ ನೋಡಿಕೋ ಎಂಬ ಅರ್ಥದಲ್ಲಿ ಬರೆದಿದ್ದಾನೆ. ಪುಕ್ಕಟೆ ಬಂದ ಚಹಾ, ಕಳಿಸಿದವನು ಭಿಕ್ಷು, ಕುಡಿಯುವವನು ಗಡೀಪಾರಾದವನು! ನಮ್ಮಮ್ಮ ಕೇಳಿದ್ದರೆ ಇವನಿಗೆ ಎರಡು ಮಾತು ಹೇಳುತ್ತಿದ್ದಳು. ಆದರೆ ಆ ಭಿಕ್ಷು ಚಹಾ ಕಳಿಸುವುದನ್ನು ನಿಲ್ಲಿಸಲಿಲ್ಲ.

ಇಷ್ಟೆಲ್ಲ ಆದ ಮೇಲೆ ಈಗ ನನಗೆ ಊಜೊನ್ ನಿಜಕ್ಕೂ ಇಷ್ಟ. ಅಲ್ಲೇ ಇನ್ನೊಂದು ಅನುಮಾನ. ಇದು ನಾಲಿಗೆ ಕಲಿತದ್ದೋ, ಮರ್ಯಾದೆ ಹೋದದ್ದಕ್ಕೆ ನಾನು ಕಟ್ಟಿಕೊಂಡ ಪ್ರಾಯಶ್ಚಿತ್ತವೋ? “ಬೆಲೆ ಗೊತ್ತಾದ ಮೇಲೆ ರುಚಿ ಬಂತು ನಿಮಗೆ” ಎಂದು ನನ್ನವಳು ಒಂದು ಭಾನುವಾರ ಮೂರು ಸಲ ಪರೀಕ್ಷೆ ಮಾಡಿದಳು. ಪ್ರತಿ ಸಲವೂ ಎರಡು ಲೋಟ, ಒಂದರಲ್ಲಿ ಊಜೊನ್, ಇನ್ನೊಂದರಲ್ಲಿ ಅಂಗಡಿಯ ಟೀ ಬ್ಯಾಗ್. ಎರಡು ಸಲ ಸರಿಯಾಗಿ ಹೇಳಿದೆ. ಒಂದು ಸಲ ಟೀ ಬ್ಯಾಗನ್ನೇ ಹೊಗಳಿದೆ. ಅವಳು ಇಡೀ ವಾರ ನಕ್ಕಳು. ನನಗೆ ಮಾತ್ರ ಒಳಗೊಳಗೆ ಸಮಾಧಾನ. ತಪ್ಪಾಗಬಹುದಾದ ಮಾತನ್ನು ಆಡಿದ್ದೆನಲ್ಲ! ಹಳೆಯ ‘ಚೆನ್ನಾಗಿತ್ತು’ ತಪ್ಪಾಗುವ ಸಾಧ್ಯತೆಯೇ ಇರಲಿಲ್ಲ, ಅದು ಚಹಾವನ್ನು ಮುಟ್ಟಿಯೇ ಇರಲಿಲ್ಲ.

ಬುಜಾಂಗ್‌ನಿಮ್ ಊರಿಗೆ ಮರಳಿ ಮೂರು ವರ್ಷವಾಯಿತು. ಈ ಸಲದ ಡಬ್ಬಿ ಬಂದದ್ದು ಇಲ್ಲಿಗೆ ಹೊಸದಾಗಿ ಬಂದ ಎಂಜಿನಿಯರ್ ಒಬ್ಬರ ಕೈಯಲ್ಲಿ. ನೀರು ಆರಿಸಿ, ಕಾದು, ಕುಡಿದೆ. ಹಲಸಿನ ಬೀಜ ಸ್ವಲ್ಪ ಸೀದಿತ್ತು. ಮರುದಿನ ಮತ್ತೆ ಮಾಡಿದೆ, ಅದೇ. ಅತ್ತೆಗೆ ಎಂಬತ್ತು ದಾಟಿದೆ. ಈ ವರ್ಷ ಕಡಾಯಿಯ ಮುಂದೆ ಯಾರು ಕೂತಿದ್ದರೋ. ಕಕಾವೊಟಾಕ್‌ನಲ್ಲಿ ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಕಳಿಸಿದೆ: ಸಿಹಿ ಹೋದ ಸಲದಷ್ಟೇ ಇದೆ, ಬೆಂಕಿ ಒಂದು ಚೂರು ಹೆಚ್ಚಾದ ಹಾಗಿದೆ, ಅತ್ತೆ ಹೇಗಿದ್ದಾರೆ?

ಸಂದೇಶದ ಪಕ್ಕದ 1 ಮಾಯವಾಗಿದೆ, ಅಂದರೆ ಓದಿದ್ದಾರೆ. ಎರಡು ದಿನವಾಯಿತು, ಉತ್ತರ ಇನ್ನೂ ಬಂದಿಲ್ಲ.